ನೆರಳಿನಲ್ಲಿ ಕೂತವರ ಮುಖ: ಡಾರ್ಕ್‌ರೂಮ್ ಪ್ರಿಂಟಿನಲ್ಲಿ ಕತ್ತಲೆಯ ವಿವರ

(ನಮ್ಮ ಚಾನೆಲ್‌ನ ವಿಡಿಯೊ ಮಾತಿನ ಲಿಖಿತ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ. ಕೊನೆಯಲ್ಲಿ ಪ್ರಶ್ನೋತ್ತರವಿದೆ.)

ನಾನು ಪುಣೆಯಲ್ಲಿದ್ದೇನೆ. ವಾರದಲ್ಲಿ ಐದು ದಿನ ಸಾಫ್ಟ್‌ವೇರ್ ಕೆಲಸ, ಶನಿವಾರ ರಾತ್ರಿ ಬಾತ್‌ರೂಮ್ ಕೆಲಸ. ನಗಬೇಡಿ, ನಮ್ಮ ಬಾಡಿಗೆ ಫ್ಲಾಟಿನಲ್ಲಿ ಕಿಟಕಿಗೆ ಕಪ್ಪು ರಟ್ಟು ಹಚ್ಚಿದರೆ ಪೂರಾ ಕತ್ತಲಾಗುವ ಕೋಣೆ ಅದೊಂದೇ. ವಾಷಿಂಗ್ ಮಷೀನ್ ಮೇಲೆ ಎನ್ಲಾರ್ಜರ್, ನೆಲದ ಮೇಲೆ ಮೂರು ಟ್ರೇ, ಬಾಗಿಲ ಮೇಲೆ ಕೆಂಪು ದೀಪ. ಇಷ್ಟೇ ನನ್ನ ಡಾರ್ಕ್‌ರೂಮ್.

ಇವತ್ತು ಒಂದೇ ವಿಷಯ ಹೇಳ್ತೀನಿ. ಕಪ್ಪು-ಬಿಳುಪು ಪ್ರಿಂಟ್ ಮಾಡುವಾಗ ನೆರಳಿನ ಭಾಗ ಬರೀ ಕಪ್ಪು ಮುದ್ದೆಯಾಗಿ ಬಂದರೆ ಏನು ಮಾಡಬೇಕು? ಹೆಚ್ಚಿನವರು ಕೊಡುವ ಉತ್ತರ, "ಸ್ವಲ್ಪ ತಿಳಿ ಮಾಡು". ಆ ಉತ್ತರ ಸಾಲದು. ನೆರಳಿನಲ್ಲಿ ವಿವರ ಕಾಣಬೇಕಾದರೆ ಅಲ್ಲಿರುವ ಒಂದು ಕಪ್ಪು ಪಕ್ಕದ ಇನ್ನೊಂದು ಕಪ್ಪಿನಿಂದ ಬೇರೆ ಆಗಬೇಕು. ತಿಳಿ ಮಾಡುವುದು ಬೇರೆ, ಬಿಡಿಸಿ ತೋರಿಸುವುದು ಬೇರೆ. ಈ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಮನೆಗಳ ಬೆಳಕು

ಇದು ಬರೀ ತಾಂತ್ರಿಕ ವಿಷಯ ಅಂತ ನನಗೆ ಅನ್ನಿಸೋದಿಲ್ಲ. ನಮ್ಮ ಊರ ಕಡೆಯ ಹಳೇ ಮನೆ ನೆನಪಿಸಿಕೊಳ್ಳಿ. ಅಂಗಳದಲ್ಲಿ ಉರಿಬಿಸಿಲು, ಸುಣ್ಣ ಹಚ್ಚಿದ ಗೋಡೆ. ಒಳಗೆ ಪಡಸಾಲೆಯಲ್ಲಿ ತಂಪು ಕತ್ತಲು. ಜನ ಎಲ್ಲಿ ಕೂರುತ್ತಾರೆ? ನೆರಳಲ್ಲಿ. ಅದರಲ್ಲೂ ಹೆಂಗಸರು ಬಾಗಿಲ ಒಳಗೆ, ಅಡುಗೆಮನೆಯಲ್ಲಿ, ಒಲೆಯ ಮುಂದೆ. ಹಳೇ ಫೋಟೋಗಳಲ್ಲಿ ಗೋಡೆ ಚೆನ್ನಾಗಿ ಬಂದಿರುತ್ತೆ, ಎತ್ತು ಚೆನ್ನಾಗಿ ಬಂದಿರುತ್ತೆ, ಗಂಡಸರ ರುಮಾಲು ಹೊಳೀತಾ ಇರುತ್ತೆ. ಬಾಗಿಲಲ್ಲಿ ನಿಂತವರ ಮುಖ ಮಾತ್ರ ಇರೋದಿಲ್ಲ.

ನನ್ನ ಹತ್ತಿರ ಅಂಥದೇ ಒಂದು ನೆಗೆಟಿವ್ ಇದೆ. ಬ್ಯಾಡಗಿ ಹತ್ತಿರದ ನಮ್ಮ ಮನೆಯಲ್ಲಿ ದೊಡ್ಡಪ್ಪ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ತೆಗೆದದ್ದು. ಆ ಕ್ಯಾಮೆರಾ ಕೆಲವರ ಮನೆಯ ಅಟ್ಟದಲ್ಲಿ ಈಗಲೂ ಇರಬಹುದು. 120 ಫಿಲ್ಮ್, 12 ಚೌಕ ಚಿತ್ರ, ಒಂದೇ ಶಟರ್ ವೇಗ. ಲೆನ್ಸಿಗೆ ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಅಂಗಳ ನೋಡಿ ಬಿಸಿಲಿನ ಗುರುತಿಗೆ ಇಟ್ಟರೆ ಪಡಸಾಲೆಗೆ ಬೆಳಕು ಸಾಲೋದಿಲ್ಲ. ಚಿತ್ರದಲ್ಲಿ ಅಂಗಳದ ತುಂಬ ಮೆಣಸಿನಕಾಯಿ ಹರವಿದೆ, ಆಚೆ ಬಿಳಿ ಗೋಡೆ ಇದೆ. ತೊಲಬಾಗಿಲ ಒಳಗೆ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಕೂತಿದ್ದಾಳೆ. ಆಕೆಯ ಫೋಟೋ ಅಂತ ಇರೋದು ಅದೊಂದೇ.

ಸ್ಟುಡಿಯೋದವರು ಆಗ ಮಾಡಿಕೊಟ್ಟ ಸಣ್ಣ ಪ್ರಿಂಟ್ ಮನೆಯಲ್ಲಿತ್ತು. ಅವ್ವ ಅದನ್ನ ಕಿಟಕಿಗೆ ಹಿಡಿದು ಹೇಳಿದ್ದು ಇಷ್ಟೇ: "ಸೀರಿ ಅಂಚು ಕಾಣತೈತಿ, ಮುಖಾನ ಕಾಣಂಗಿಲ್ಲಲ್ಲೋ."

ಈ ನೆಗೆಟಿವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮುಂದಿನ ಹೆಜ್ಜೆಗಳನ್ನ ಹೇಳ್ತೀನಿ.

ಮೊದಲ ಪ್ರಶ್ನೆ: ವಿವರ ಎಲ್ಲಿ ಕಳೆಯಿತು?

ನಮ್ಮ ಕೆಲಸದಲ್ಲಿ ಏನಾದರೂ ಕೆಟ್ಟರೆ ಮೊದಲು ಲಾಗ್ ನೋಡ್ತೀವಿ. ಲಾಗ್‌ನಲ್ಲಿ ಬರೆದಿದ್ದರೆ ಹುಡುಕಬಹುದು, ಬರೆದೇ ಇಲ್ಲದಿದ್ದರೆ ಎಷ್ಟು ಹುಡುಕಿದರೂ ಸಿಗೋದಿಲ್ಲ. ಇಲ್ಲಿ ನೆಗೆಟಿವ್ ನಮ್ಮ ಲಾಗ್.

ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು ಅನ್ನೋದು ಗೊತ್ತೇ ಇದೆ. ಬಿಳಿ ಗೋಡೆ ಬಿದ್ದ ಕಡೆ ಬೆಳ್ಳಿ ದಟ್ಟವಾಗಿರುತ್ತೆ. ನೆರಳು ಬಿದ್ದ ಕಡೆ ಬೆಳ್ಳಿ ಬಹಳ ಕಡಿಮೆ, ಫಿಲ್ಮ್ ಹೆಚ್ಚುಕಡಿಮೆ ಗಾಜಿನ ಹಾಗೆ ಇರುತ್ತೆ. ಬೆಳಕು ಒಂದು ಮಟ್ಟ ದಾಟುವ ತನಕ ಫಿಲ್ಮ್ ಏನನ್ನೂ ದಾಖಲಿಸೋದಿಲ್ಲ. ದಾಟಿದ ಮೇಲೂ ಮೊದಲು ನಿಧಾನಕ್ಕೆ ಏರುತ್ತೆ, ಆಮೇಲೆ ನೇರ ಗೆರೆಯಲ್ಲಿ ಏರುತ್ತೆ. ಗ್ರಾಫಿನ ಆ ನಿಧಾನದ ಭಾಗಕ್ಕೆ ಇಂಗ್ಲಿಷಿನಲ್ಲಿ ಟೋ ಅಂತಾರೆ, ಕಾಲ್ಬೆರಳು. ನೆರಳೆಲ್ಲ ಕೂರೋದು ಅಲ್ಲೇ.

ಪ್ರಿಂಟಿನ ಕಾಗದಕ್ಕೂ ಇಂಥದೇ ಗ್ರಾಫ್ ಇದೆ. ಅದರ ಕಪ್ಪಿನ ತುದಿಯಲ್ಲಿ, ಅಂದರೆ ಭುಜದ ಭಾಗದಲ್ಲಿ, ಗೆರೆ ಮತ್ತೆ ಮಟ್ಟಸವಾಗುತ್ತೆ. ಹೀಗಾಗಿ ನೆರಳಿನ ಟೋನುಗಳು ಎರಡು ಸಲ ಹಿಸುಕಿಸಿಕೊಳ್ಳುತ್ತವೆ, ಫಿಲ್ಮಿನ ಬೆರಳಲ್ಲಿ ಒಮ್ಮೆ, ಕಾಗದದ ಭುಜದಲ್ಲಿ ಇನ್ನೊಮ್ಮೆ. ಮೊದಲನೆಯದು ಕ್ಯಾಮೆರಾದ ಶಟರ್ ಮುಚ್ಚಿದ ಕ್ಷಣವೇ ಮುಗಿದುಹೋಗಿದೆ. ಎರಡನೆಯದು ಮಾತ್ರ ನಮ್ಮ ಕೈಯಲ್ಲಿದೆ.

ಹಾಗಾದರೆ ನೆಗೆಟಿವ್‌ನಲ್ಲಿ ಮುಖ ಇದೆಯೋ ಇಲ್ಲವೋ ತಿಳಿಯೋದು ಹೇಗೆ? ಎರಡು ಪರೀಕ್ಷೆ ಇವೆ.

ಒಂದು, ನೆಗೆಟಿವನ್ನ ಕಪ್ಪು ಬಟ್ಟೆಯ ಮೇಲೆ ಸ್ವಲ್ಪ ಎತ್ತಿ ಹಿಡಿದು ಪಕ್ಕದಿಂದ ದೀಪ ಬಿಡಿ. ತೆಳು ಭಾಗದಲ್ಲಿರುವ ಅಲ್ಪಸ್ವಲ್ಪ ಬೆಳ್ಳಿ ಬೆಳಕನ್ನು ಹಿಂದಕ್ಕೆ ಎಸೆಯುತ್ತೆ. ಆಗ ನೆಗೆಟಿವೇ ಪಾಸಿಟಿವ್ ಹಾಗೆ ಕಾಣುತ್ತೆ. ಆಯಿಯ ಮೂಗುತಿ ಮೊದಲ ಸಲ ಕಂಡದ್ದು ನನಗೆ ಹೀಗೇ.

ಎರಡು, ಫಿಲ್ಮಿನ ಅಂಚನ್ನು ಪ್ರಿಂಟ್ ಮಾಡಿ. ಚಿತ್ರವಿಲ್ಲದ ಆ ಖಾಲಿ ಅಂಚು ಪೂರ್ಣ ಕಪ್ಪಾಗಲು ಎಷ್ಟು ಸೆಕೆಂಡ್ ಬೇಕು ಅಂತ ಟೆಸ್ಟ್ ಸ್ಟ್ರಿಪ್‌ನಲ್ಲಿ ಕಂಡುಹಿಡಿಯಿರಿ. ಆ ಸಮಯಕ್ಕಿಂತ ಒಂದು ಸೆಕೆಂಡೂ ಹೆಚ್ಚು ಬೇಡ. ಅಷ್ಟೇ ಸಮಯ ಕೊಟ್ಟು ಇಡೀ ಚಿತ್ರ ಪ್ರಿಂಟ್ ಮಾಡಿ ನೋಡಿ. ಮುಖದ ಜಾಗ ಅಂಚಿನಷ್ಟೇ ಕಪ್ಪಾಗಿದ್ದರೆ ಅಲ್ಲಿ ವಿವರ ಇಲ್ಲ. ಅಂಚಿಗಿಂತ ಕೂದಲೆಳೆಯಷ್ಟು ತಿಳಿ ಇದ್ದರೂ ಕೆಲಸ ಶುರು ಮಾಡಬಹುದು.

ಆಯಿಯ ಮುಖದ ಬಲಭಾಗ ಅಂಚಿಗಿಂತ ತಿಳಿಯಾಗಿತ್ತು. ಎಡಗಣ್ಣಿನ ಗುಳಿ ಮತ್ತು ಕಿವಿಯ ಕಡೆ ಅಂಚಿನಷ್ಟೇ ಕಪ್ಪು. ಹೀಗೆ ಏನು ಸಿಗುತ್ತೆ, ಏನು ಸಿಗೋದಿಲ್ಲ ಅನ್ನೋದು ಮೊದಲೇ ಗೊತ್ತಾಯಿತು.

ಬರೀ ತಿಳಿ ಮಾಡಿದರೆ ಏನಾಗುತ್ತೆ

ಈಗ ಕಾಗದದ ಮಾತು. ಹೊಳಪು ಕಾಗದದ ಅತಿ ಬಿಳುಪಿಗೂ ಅತಿ ಕಪ್ಪಿಗೂ ಇರುವ ಅಂತರ ಸುಮಾರು 100 ಪಟ್ಟು. ಮ್ಯಾಟ್ ಕಾಗದದಲ್ಲಿ ಇನ್ನೂ ಕಡಿಮೆ. ಬಿಸಿಲ ಅಂಗಳ, ಕತ್ತಲ ಪಡಸಾಲೆ ಎರಡನ್ನೂ ಇದರಲ್ಲೇ ಕೂರಿಸಬೇಕು. ನೆರಳಿನ ವಿವರವೇ ಮುಖ್ಯವಾದರೆ ಹೊಳಪು ಕಾಗದವನ್ನೇ ತಗೊಳ್ಳಿ.

ಈಗ ನಾವು ಬಳಸೋದು ಬಹುಪಾಲು ಮಲ್ಟಿಗ್ರೇಡ್ ಕಾಗದ. ಇಲ್‌ಫರ್ಡ್ ಇದನ್ನ 1940ರಲ್ಲಿ ಮಾರುಕಟ್ಟೆಗೆ ತಂದಿತು. ಬೆಳಕಿನ ಬಣ್ಣ ಬದಲಿಸಿದರೆ ಕಾಗದದ ಕಾಂಟ್ರಾಸ್ಟ್ ಬದಲಾಗುತ್ತೆ. ಹಳದಿ ಫಿಲ್ಟರ್ ಹಾಕಿದರೆ ಮೃದು, ನೇರಳೆಗೆಂಪು ಹಾಕಿದರೆ ಗಡುಸು. 00ಯಿಂದ 5ರವರೆಗೆ ಒಟ್ಟು 12 ಫಿಲ್ಟರ್. ನೆನಪಿಡಬೇಕಾದ ಸೂತ್ರ ಒಂದೇ: ಬಿಳುಪನ್ನು ಸೆಕೆಂಡಿನಿಂದ ನಿರ್ಧರಿಸಿ, ಕಪ್ಪನ್ನು ಗ್ರೇಡಿನಿಂದ ನಿರ್ಧರಿಸಿ. ಮೊದಲು ಗೋಡೆ ಸರಿಯಾಗಿ ಬರುವ ಸಮಯ ಹುಡುಕಿ. ಆಮೇಲೆ ನೆರಳು ಹೆಚ್ಚು ಕಪ್ಪಾಗಿದ್ದರೆ ಗ್ರೇಡ್ ಇಳಿಸಿ, ಸಪ್ಪೆಯಾಗಿದ್ದರೆ ಏರಿಸಿ.

ಆಯಿಯ ಚಿತ್ರಕ್ಕೆ ಈ ಸೂತ್ರ ಒಂದೇ ಸಾಲದು. ಗ್ರೇಡ್ 2ರಲ್ಲಿ ಗೋಡೆ ಸರಿ, ಮುಖ ಕಪ್ಪು. ಗ್ರೇಡ್ 1ಕ್ಕೆ ಇಳಿಸಿದರೆ ಮುಖ ಬೂದಿ ಬಣ್ಣಕ್ಕೆ ಬರುತ್ತೆ, ಆದರೆ ಕೆನ್ನೆ, ಮೂಗು, ತುಟಿ ಎಲ್ಲವೂ ಅದೇ ಬೂದಿ. ಕಪ್ಪು ಮುದ್ದೆ ಹೋಗಿ ಬೂದು ಮುದ್ದೆ ಬಂತು ಅಷ್ಟೇ. ಕಾರಣ ಸರಳ. ಮುಖದೊಳಗಿನ ಟೋನುಗಳ ಅಂತರ ನೆಗೆಟಿವ್‌ನಲ್ಲೇ ಬಹಳ ಸಣ್ಣದು. ಮೃದು ಗ್ರೇಡ್ ಆ ಅಂತರವನ್ನ ಇನ್ನೂ ಸಣ್ಣದು ಮಾಡುತ್ತೆ. ನೆರಳಿಗೆ ಬೇಕಾದದ್ದು ತದ್ವಿರುದ್ಧ: ಕಡಿಮೆ ಬೆಳಕು, ಗಡುಸು ಗ್ರೇಡ್. ಈ ಎರಡೂ ಒಟ್ಟಿಗೆ ಬೇಕು, ಅದೂ ಮುಖದ ಜಾಗಕ್ಕೆ ಮಾತ್ರ.

ಎರಡು ಫಿಲ್ಟರ್, ಒಂದು ರಟ್ಟಿನ ಬಿಲ್ಲೆ

ಇದಕ್ಕೆ ದಾರಿ ಸ್ಪ್ಲಿಟ್ ಗ್ರೇಡ್. ಒಂದೇ ಕಾಗದಕ್ಕೆ ಎರಡು ಸಲ ಬೆಳಕು ಕೊಡ್ತೀವಿ, ಒಮ್ಮೆ 00 ಫಿಲ್ಟರಿನಲ್ಲಿ, ಇನ್ನೊಮ್ಮೆ 5ರಲ್ಲಿ. ಗೋಡೆಯಂಥ ತಿಳಿ ಭಾಗಕ್ಕೆ ಮೈ ತುಂಬೋದು ಮುಖ್ಯವಾಗಿ 00. ಕಪ್ಪಿಗೆ ಬಲ ಕೊಡೋದು 5.

ನನ್ನ ಎನ್ಲಾರ್ಜರಿನಲ್ಲಿ, 8 ಇಂಚು ಚೌಕದ ಪ್ರಿಂಟಿಗೆ ಬಂದ ಲೆಕ್ಕ ಇದು. ಗೋಡೆಯ ಗಾರೆ ಕಾಣುವಷ್ಟು ಟೋನ್ ಬರಲು 00ಯಲ್ಲಿ 6 ಸೆಕೆಂಡ್. ಅದರ ಮೇಲೆ ತೊಲಬಾಗಿಲ ಕಟ್ಟಿಗೆ ಸರಿಯಾಗಿ ಕಪ್ಪಾಗಲು 5ರಲ್ಲಿ 10 ಸೆಕೆಂಡ್. ನಿಮ್ಮ ಲೆಕ್ಕ ಬೇರೆ ಬರುತ್ತೆ, ಅಂಕಿ ನಕಲು ಮಾಡಬೇಡಿ, ಕ್ರಮ ನಕಲು ಮಾಡಿ.

ಈಗ ಡಾಡ್ಜಿಂಗ್. ಸಣ್ಣ ತಂತಿಯ ತುದಿಗೆ ಮುಖಕ್ಕಿಂತ ಸ್ವಲ್ಪ ಚಿಕ್ಕದಾದ ರಟ್ಟಿನ ಬಿಲ್ಲೆ ಅಂಟಿಸಿ, ಬೆಳಕು ಬೀಳುವಾಗ ಅದನ್ನ ಮುಖದ ಜಾಗಕ್ಕೆ ಅಡ್ಡ ಹಿಡಿಯೋದು. ಕಾಗದದಿಂದ ಒಂದು ಗೇಣಿನಷ್ಟು ಮೇಲೆ ಹಿಡಿದು ಸದಾ ಆಡಿಸ್ತಾ ಇರಬೇಕು. ನಿಲ್ಲಿಸಿದರೆ ತಲೆಯ ಸುತ್ತ ಪ್ರಭಾವಳಿ ಬಂದುಬಿಡುತ್ತೆ. ಆಯಿ ದೇವರ ಫೋಟೋ ಆಗಿಬಿಡ್ತಾಳೆ. (ನಗು)

ಮುಖ್ಯ ಮಾತು ಇಲ್ಲಿದೆ. ಯಾವ ಫಿಲ್ಟರ್ ಇದ್ದಾಗ ಅಡ್ಡ ಹಿಡಿಯಬೇಕು? 5ರ ಸಮಯದಲ್ಲಿ ಮಾತ್ರ ಅಡ್ಡ ಹಿಡಿದರೆ ಮುಖಕ್ಕೆ ಉಳಿಯೋದು ಹೆಚ್ಚಾಗಿ ಮೃದು ಬೆಳಕು, ಅಂದರೆ ಮತ್ತೆ ಬೂದಿ. 00ಯ ಸಮಯದಲ್ಲಿ ಅಡ್ಡ ಹಿಡಿದರೆ ಮುಖಕ್ಕೆ ಸಿಗೋದು ಗಡುಸು ಬೆಳಕು ಮಾತ್ರ. ಮುಖ ತಿಳಿಯೂ ಆಗುತ್ತೆ, ಕೆನ್ನೆ ಮತ್ತು ಮೂಗಿನ ಅಂತರವೂ ಹೆಚ್ಚುತ್ತೆ. ಹಾಗಾಗಿ 00ಯ 6 ಸೆಕೆಂಡ್ ಪೂರ್ತಿ ಮುಖ ಮುಚ್ಚಿದೆ. 5ರ 10 ಸೆಕೆಂಡಿನಲ್ಲಿ 3 ಸೆಕೆಂಡ್ ಮಾತ್ರ ಮುಚ್ಚಿದೆ. ಟ್ರೇಯಲ್ಲಿ ಹಣೆಯ ಗೆರೆಗಳು ಮೂಡಿದವು, ಬಲಗಣ್ಣು ಮೂಡಿತು.

ಡೆವಲಪರಿನಲ್ಲಿ ಒಂದು ಎಚ್ಚರಿಕೆ. ಕಪ್ಪಾಗ್ತಾ ಇದೆ ಅಂತ ಹೆದರಿ ಪ್ರಿಂಟನ್ನ ಬೇಗ ಎತ್ತಬೇಡಿ. ಬೇಗ ಎತ್ತಿದ ಪ್ರಿಂಟಿಗೆ ಗಟ್ಟಿ ಕಪ್ಪು ಬರೋದೇ ಇಲ್ಲ. ಗಟ್ಟಿ ಕಪ್ಪು ಎಲ್ಲೂ ಇಲ್ಲದಿದ್ದರೆ ನೆರಳಿನ ವಿವರ ಮಸುಕು ಮಸುಕಾಗಿ ಕಾಣುತ್ತೆ. ಆರ್‌ಸಿ ಕಾಗದಕ್ಕೆ ಸುಮಾರು 1 ನಿಮಿಷ, ಫೈಬರ್ ಕಾಗದಕ್ಕೆ ಸುಮಾರು 2 ನಿಮಿಷ ಪೂರ್ತಿ ಕೊಡಿ. ಪ್ರಿಂಟ್ ಕಪ್ಪಾದರೆ ಮುಂದಿನ ಸಲ ಬೆಳಕು ಕಡಿಮೆ ಮಾಡಿ.

ಕೊನೆಯ ಕುಂಚ

ಇನ್ನೂ ಸ್ವಲ್ಪ ಬೇಕು ಅನ್ನಿಸಿದರೆ ಬ್ಲೀಚ್ ಇದೆ. ಪೊಟ್ಯಾಸಿಯಂ ಫೆರಿಸೈನೈಡ್ ಜೊತೆ ಹೈಪೋ. 1883ರಲ್ಲಿ ಹೋವರ್ಡ್ ಫಾರ್ಮರ್ ಹೇಳಿಕೊಟ್ಟ ದ್ರಾವಣ, ಈಗಲೂ ಅವರ ಹೆಸರಿನಲ್ಲೇ ಇದೆ. ನಿಂಬೆ ಶರಬತ್ತಿನಷ್ಟು ತೆಳು ಬಣ್ಣಕ್ಕೆ ಬರುವಷ್ಟು ನೀರು ಬೆರೆಸಿ, ಸಣ್ಣ ಕುಂಚದಲ್ಲಿ ಕೆನ್ನೆಯ ಮೇಲೆ, ಕಣ್ಣಿನ ಬಿಳಿಯ ಮೇಲೆ ಸವರಿ, ಕೂಡಲೇ ನೀರಲ್ಲಿ ತೊಳೆಯೋದು. ಸಾಲದಿದ್ದರೆ ಇನ್ನೊಮ್ಮೆ. ಕೊನೆಗೆ ಮತ್ತೆ ಫಿಕ್ಸರ್, ಮತ್ತೆ ನೀರು. ಈ ದ್ರಾವಣದ ಗುಣ ಏನಂದರೆ ತಿಳಿ ಟೋನಿನ ಮೇಲೆ ಬೇಗ, ಗಟ್ಟಿ ಕಪ್ಪಿನ ಮೇಲೆ ನಿಧಾನವಾಗಿ ಕೆಲಸ ಮಾಡುತ್ತೆ. ನೆರಳಿನಲ್ಲಿ ಸ್ವಲ್ಪ ತಿಳಿ ಇದ್ದದ್ದು ಇನ್ನಷ್ಟು ತಿಳಿಯಾಗುತ್ತೆ, ಕಪ್ಪು ಕಪ್ಪಾಗೇ ಉಳಿಯುತ್ತೆ. ನಮಗೆ ಬೇಕಾದದ್ದು ಇದೇ ಬಿಡಿಸುವಿಕೆ. ಅಮೆರಿಕದ ಫೋಟೋಗ್ರಾಫರ್ ಯೂಜೀನ್ ಸ್ಮಿತ್ ಪ್ರಿಂಟುಗಳಲ್ಲಿ ಬ್ಲೀಚಿನ ಕೆಲಸ ಬಹಳ. ಒಂದು ಎಚ್ಚರಿಕೆ: ಕೈಗವಸು ಹಾಕಿ, ಫ್ಯಾನ್ ಓಡಲಿ. ಫೆರಿಸೈನೈಡ್ ಪುಡಿಗೆ ಆಮ್ಲ ತಾಗಿಸಬೇಡಿ. ಬಾತ್‌ರೂಮಿನಲ್ಲಿ ಟಾಯ್ಲೆಟ್ ತೊಳೆಯುವ ಆಸಿಡ್ ಇದ್ದರೆ ಮೊದಲು ಅದನ್ನ ಹೊರಗಿಡಿ.

ಆಮೇಲೆ ಪ್ರಿಂಟ್ ನೋಡುವ ದೀಪ. ಕತ್ತಲಲ್ಲಿ ಕೆಲಸ ಮಾಡಿ ತಟ್ಟನೆ ಪ್ರಖರ ದೀಪ ಹಾಕಿ ಒದ್ದೆ ಪ್ರಿಂಟ್ ನೋಡಿದರೆ ನೆರಳೆಲ್ಲ ಚೆನ್ನಾಗೇ ಕಾಣುತ್ತೆ. ಫೈಬರ್ ಕಾಗದ ಒಣಗಿದ ಮೇಲೆ ಸ್ವಲ್ಪ ಕಪ್ಪಾಗುತ್ತೆ. ಅದನ್ನ ಮನೆಯ ಗೋಡೆಗೆ ಹಾಕಿದಾಗ ವಿವರ ಮತ್ತೆ ಮುಳುಗುತ್ತೆ. ಟೆಸ್ಟ್ ಸ್ಟ್ರಿಪ್ಪನ್ನ ಹೇರ್ ಡ್ರೈಯರಿನಲ್ಲಿ ಒಣಗಿಸಿ, ಚಿತ್ರ ಎಲ್ಲಿ ತೂಗುಹಾಕ್ತೀರೋ ಅಲ್ಲಿನ ಬೆಳಕಿನಲ್ಲಿ ನೋಡಿ. ಆಯಿಯ ಪ್ರಿಂಟ್ ಹೋಗೋದು ಊರ ಪಡಸಾಲೆಗೆ. ಅಲ್ಲಿ ಇರೋದು ಒಂದೇ ಟ್ಯೂಬ್‌ಲೈಟ್. ಅದಕ್ಕೆ ತಕ್ಕ ಹಾಗೆ ಒಂದು ಪ್ರತಿ ಸ್ವಲ್ಪ ತಿಳಿಯಾಗಿಯೇ ಮಾಡಿದೆ.

ಎಲ್ಲಿ ನಿಲ್ಲಿಸಬೇಕು

ಆಯನ್ಸೆಲ್ ಆಡಮ್ಸ್ ಅವರ ‘ಮೂನ್‌ರೈಸ್, ಹರ್ನಾಂಡೆಜ್’ ಚಿತ್ರ ನೋಡಿರ್ತೀರಿ. 1941ರ ಶರತ್ಕಾಲದ ಸಂಜೆ, ನ್ಯೂ ಮೆಕ್ಸಿಕೋ ರಾಜ್ಯದ ಒಂದು ಹಳ್ಳಿ, ಸ್ಮಶಾನದ ಶಿಲುಬೆಗಳು, ಮೇಲೆ ಚಂದ್ರ. ಸೂರ್ಯ ಮುಳುಗ್ತಾ ಇದ್ದ, ಲೈಟ್ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟು ಅಂತ ಅವರಿಗೆ ನೆನಪಿತ್ತು, ಅದರ ಮೇಲೆ ಲೆಕ್ಕ ಹಾಕಿದರು. ಚಂದ್ರ ಉಳಿದ, ಆದರೆ ಕೆಳಗಿನ ನೆಲದ ಭಾಗ ನೆಗೆಟಿವ್‌ನಲ್ಲಿ ತೆಳುವಾಯಿತು. 1948ರಲ್ಲಿ ಅವರು ಆ ಕೆಳಭಾಗವನ್ನ ಮಾತ್ರ ಇಂಟೆನ್ಸಿಫೈಯರ್ ದ್ರಾವಣದಲ್ಲಿ ಅದ್ದಿ ಬೆಳ್ಳಿಯನ್ನ ದಟ್ಟ ಮಾಡಿದರು. ಗಮನಿಸಿ, ಇದ್ದ ಬೆಳ್ಳಿಯನ್ನ ದಟ್ಟ ಮಾಡಿದರು. ಇಲ್ಲದ ಬೆಳ್ಳಿಯನ್ನ ಯಾವ ದ್ರಾವಣವೂ ತರೋದಿಲ್ಲ. ಹಾಗೇ, ಎಲ್ಲ ಕಪ್ಪನ್ನೂ ತೆರೆಯಬೇಕು ಅಂತಿಲ್ಲ. ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಮುಂಬೈಗೆ ಹೋಗಿ ‘ಕಾಗಜ್ ಕೆ ಫೂಲ್’ (1959) ಚಿತ್ರೀಕರಿಸಿದರು. ಖಾಲಿ ಸ್ಟುಡಿಯೋದಲ್ಲಿ ಮೇಲಿಂದ ಇಳಿಯುವ ಆ ಬೆಳಕಿನ ಕೋಲು ನೆನಪಿದೆಯಲ್ಲ? ಸುತ್ತಲಿನ ಕತ್ತಲೆ ಕತ್ತಲೆಯಾಗೇ ಇರೋದರಿಂದಲೇ ಆ ಬೆಳಕಿಗೆ ತೂಕ.

ಆಯಿಯ ಎಡಗಣ್ಣು ನೆಗೆಟಿವ್‌ನಲ್ಲಿ ಇರಲಿಲ್ಲ. ಪೆನ್ಸಿಲಿನಲ್ಲಿ ತಿದ್ದಬಹುದಿತ್ತು, ತಿದ್ದಲಿಲ್ಲ. ಆ ಕಣ್ಣು ನನ್ನದಾಗುತ್ತೆ, ಆಕೆಯದಾಗೋದಿಲ್ಲ. ಪ್ರಿಂಟ್ ಕೈಗೆ ಕೊಟ್ಟಾಗ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಮೂಗುತಿ ಹಳ್ಳು ಒಂದ ಐತೇನು, ಮೂರು ಅದಾವೋ?" ಲೆನ್ಸ್ ಹಿಡಿದು ನೋಡಿದೆವು. ಮೂರು.

ಪ್ರಶ್ನೋತ್ತರ

ಪ್ರಶ್ನೆ: ಸ್ಕ್ಯಾನ್ ಮಾಡಿ ಶ್ಯಾಡೋ ಸ್ಲೈಡರ್ ಎಳೆದರೆ ಆಗಲ್ವಾ ಸರ್? ಇಷ್ಟು ಕಷ್ಟ ಯಾಕೆ?

ಆಗುತ್ತೆ, ಖಂಡಿತ ಮಾಡಿ. ಡಾರ್ಕ್‌ರೂಮ್ ಇಲ್ಲದವರಿಗೆ ಅದೇ ದಾರಿ. ಆದರೆ ನಿಯಮ ಅದೇ. ನೆಗೆಟಿವ್‌ನಲ್ಲಿ ಇಲ್ಲದ್ದು ಸ್ಲೈಡರಿಗೂ ಬರೋದಿಲ್ಲ, ಬರೀ ಕಾಳುಕಾಳಾದ ನಾಯ್ಸ್ ಬರುತ್ತೆ. ಅಲ್ಲೂ ಬರೀ ತಿಳಿ ಮಾಡಿ ಬಿಡಬೇಡಿ, ಆ ಜಾಗದ ಕಾಂಟ್ರಾಸ್ಟ್ ಕೂಡ ಹೆಚ್ಚಿಸಿ.

ಪ್ರಶ್ನೆ: ನಾನು ಚೆನ್ನೈನಲ್ಲಿದ್ದೇನೆ. ಟ್ಯಾಂಕಿನ ನೀರು ಏಪ್ರಿಲ್‌ನಲ್ಲಿ ಕುದಿಯೋ ಹಾಗಿರುತ್ತೆ. ಡೆವಲಪರ್ 20 ಡಿಗ್ರಿಯಲ್ಲಿ ಇಡೋದು ಹೇಗೆ?

ಡೆವಲಪರ್ ಟ್ರೇಯನ್ನ ಇನ್ನೂ ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿಡಿ, ಸುತ್ತ ತಣ್ಣೀರು, ಅದರಲ್ಲಿ ಐಸ್ ತುಂಬಿದ ಬಾಟಲಿ. ಪ್ರಿಂಟಿಗೆ 20 ಡಿಗ್ರಿಯೇ ಆಗಬೇಕು ಅಂತಿಲ್ಲ, ರಾತ್ರಿ ಪೂರ್ತಿ ಒಂದೇ ಉಷ್ಣತೆ ಇರಬೇಕು. ಅದು ಬದಲಾದರೆ ನಿಮ್ಮ ಟೆಸ್ಟ್ ಸ್ಟ್ರಿಪ್ ಸುಳ್ಳು ಹೇಳುತ್ತೆ.

ಪ್ರಶ್ನೆ: ಹೊಸದಾಗಿ ಫಿಲ್ಮ್‌ನಲ್ಲಿ ತೆಗೆಯುವವರು ಮೊದಲೇ ಏನು ಮಾಡಬೇಕು?

ನೆರಳಿಗೆ ಮೀಟರ್ ಹಿಡಿಯಿರಿ. ಮೀಟರ್ ಯಾವುದನ್ನ ನೋಡಿದರೂ ನಡು ಬೂದು ಅಂತಲೇ ತಿಳಿಯುತ್ತೆ. ಹಾಗಾಗಿ ವಿವರ ಬೇಕಾದ ನೆರಳನ್ನ ಅಳೆದು, ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ ಕೊಡಿ. ನೆರಳು ಕಪ್ಪಾಗೇ ಇದ್ದು ವಿವರ ಉಳಿಯುತ್ತೆ. ಬಿಸಿಲ ಭಾಗ ಹೆಚ್ಚಾದರೆ ಫಿಲ್ಮ್ ಡೆವಲಪ್ ಮಾಡುವ ಸಮಯ ಸ್ವಲ್ಪ ಇಳಿಸಿ ಹಿಡಿತಕ್ಕೆ ತರಬಹುದು. ಡೆವಲಪಿಂಗ್ ಹೆಚ್ಚಿಸಿ ನೆರಳನ್ನ ತರೋಕೆ ಹೋಗಬೇಡಿ, ಬಿಳುಪು ಮಾತ್ರ ಏರುತ್ತೆ.

ಪ್ರಶ್ನೆ: ಊರಲ್ಲಿ ಟ್ರಂಕಿನಲ್ಲಿ ಹಳೇ ನೆಗೆಟಿವ್ ಇವೆ. ತೆಗೆದರೆ ವಿನೆಗರ್ ವಾಸನೆ ಬರುತ್ತೆ. ಎಸೆಯಬೇಕಾ?

ಎಸೆಯಬೇಡಿ, ಆದರೆ ತಡವೂ ಮಾಡಬೇಡಿ. ಹಳೇ ಅಸಿಟೇಟ್ ಫಿಲ್ಮ್ ಸೆಕೆ ಮತ್ತು ತೇವಕ್ಕೆ ಕೊಳೆಯೋಕೆ ಶುರುವಾದಾಗ ಆ ವಾಸನೆ ಬರುತ್ತೆ. ವಾಸನೆ ಬರುವುದನ್ನ ಉಳಿದವುಗಳಿಂದ ಬೇರೆ ಮಾಡಿ, ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು ಕಾಗದದ ಕವರಿಗೆ ಹಾಕಿ, ಒಣ, ತಣ್ಣನೆಯ ಜಾಗದಲ್ಲಿಡಿ. ಮೊದಲು ಸ್ಕ್ಯಾನ್ ಮಾಡಿಸಿ, ಪ್ರಿಂಟ್ ಆಮೇಲೆ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಕಪ್ಪು ಬಟ್ಟೆ, ಒಂದು ಟಾರ್ಚ್ ತಗೊಂಡು ಹೋಗಿ. ತೆಳುವಾಗಿದೆ, ಏನೂ ಇಲ್ಲ ಅಂತ ಯಾರೋ ಪಕ್ಕಕ್ಕಿಟ್ಟ ನೆಗೆಟಿವನ್ನೇ ಮೊದಲು ನೋಡಿ.